ಕ್ಯೂಆರ್ ಸ್ಟಿಕ್ಕರ್ ಕಿತ್ತರೆ ಲೆಕ್ಕ ಮಾಯ ಆಗುತ್ತಾ? ವೀಕೆಂಡ್ ಪ್ರಾಜೆಕ್ಟ್ ಮಾಡೋರಿಗೆ ಈ ವಾರದ ಸುದ್ದಿ

(ಶನಿವಾರದ ಸಂಚಿಕೆಯ ಬರಹ ರೂಪ)

 

ಇವತ್ತು 2025ರ ಜುಲೈ 26. ಶ್ರಾವಣ ಶುರುವಾಗಿದೆ. ಮಂಗಳವಾರ ನಾಗರ ಪಂಚಮಿ, ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ ಹಬ್ಬ, ಮಾರನೇ ದಿನ ರಾಖಿ, 27ಕ್ಕೆ ಗಣೇಶ. ಅಂದ್ರೆ ಕೈಯಲ್ಲಿ ಏನಾದ್ರೂ ಮಾಡಿ ಮಾರೋರಿಗೆಲ್ಲ ಈಗ ಸೀಸನ್. ಕ್ರೋಶೆ ತೋರಣ ಹಾಕೋರು, ರಾಖಿ ಕಟ್ಟೋರು, ಮಣ್ಣಿನ ಗಣೇಶ ಮಾಡೋರು, ಮನೇಲಿ ಕೇಕ್ ಮಾಡಿ ಕೊಡೋರು. ವಾರವಿಡೀ ಆಫೀಸು, ಶನಿವಾರ ಭಾನುವಾರ ತಮ್ಮ ಪ್ರಾಜೆಕ್ಟು. ನಮ್ಮ ಕೇಳುಗರಲ್ಲಿ ಇಂಥವರು ತುಂಬಾ ಜನ ಇದ್ದೀರಿ.

ಆದರೆ ಈ ವಾರ ನನಗೆ ಬಂದ ವಾಯ್ಸ್ ಮೆಸೇಜ್‌ಗಳಲ್ಲಿ ತೋರಣದ ಡಿಸೈನ್ ಬಗ್ಗೆ ಮಾತಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: "ಬ್ರೋ, ಯುಪಿಐ ತಗೊಳ್ಲಾ, ಬೇಡ್ವಾ?"

ಯಾಕಂದ್ರೆ ಎಲ್ಲರೂ ನ್ಯೂಸ್ ನೋಡಿದ್ದಾರೆ. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ ಮುಂದೆ "ನೋ ಯುಪಿಐ, ಓನ್ಲಿ ಕ್ಯಾಶ್" ಅನ್ನೋ ಚೀಟಿ ನೋಡಿದ್ದಾರೆ. ನಮ್ಮ ಬೀದಿ ಕೊನೆಯ ಅಂಗಡಿ ಅಣ್ಣ ಅಂತೂ ಗಾಜಿನ ಮೇಲಿದ್ದ ಸ್ಟಿಕ್ಕರನ್ನ ಬ್ಲೇಡ್ ಹಾಕಿ ಕೆರೆದಿದ್ದಾರೆ. ಕಾಲು ಭಾಗ ಇನ್ನೂ ಅಂಟಿಕೊಂಡಿದೆ.

ನಾನು ಬಿ.ಕಾಂ ಓದಿದವನು, ಸಿಎ ಅಲ್ಲ. ಹಾಗಾಗಿ ಇವತ್ತು ಸಲಹೆಗಿಂತ ಲೆಕ್ಕವೇ ಜಾಸ್ತಿ. ನಿಮ್ಮ ಕೇಸ್ ಸ್ವಲ್ಪ ಗೋಜಲಾಗಿದ್ರೆ ಒಬ್ಬ ಸಿಎ ಅಥವಾ ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ರ ಹೋಗಿ. ಆದರೆ ಹೋಗೋ ಮುಂಚೆ ಏನು ಕೇಳಬೇಕು ಅಂತ ಗೊತ್ತಿರಲಿ. ಅದಕ್ಕೇ ಈ ಎಪಿಸೋಡ್.

ಮೊದಲು, ಆಗಿದ್ದೇನು?

ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಸೇವೆ ಕೊಡೋ ಕಂಪನಿಗಳಿಂದ ವಹಿವಾಟಿನ ಮಾಹಿತಿ ತರಿಸಿಕೊಂಡಿತು. 2021-22ರಿಂದ 2024-25ರವರೆಗಿನ ವರ್ಷಗಳಲ್ಲಿ ಯಾರ ಖಾತೆಗೆ ಯುಪಿಐ ಮೂಲಕ ಮಿತಿ ದಾಟಿ ಹಣ ಬಂದಿದೆಯೋ, ಅವರಲ್ಲಿ ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ನೋಟಿಸ್ ಕಳಿಸಿತು. ಕೆಲವರಿಗೆ ಬಂದ ನೋಟಿಸ್‌ನಲ್ಲಿ ಲಕ್ಷಗಟ್ಟಲೆ ಮೊತ್ತ ಇತ್ತು. ತರಕಾರಿ ಮಾರೋರಿಗೂ ಬಂತು.

ವ್ಯಾಪಾರಿಗಳು ಸಿಟ್ಟಾದ್ರು, ಜುಲೈ 25ಕ್ಕೆ ಬಂದ್ ಕರೆದ್ರು. ಜುಲೈ 23ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿ ಸಂಘಟನೆಗಳ ಜೊತೆ ಸಭೆ ಮಾಡಿದ್ರು. ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ಮಿತಿ ದಾಟಿದವರು ಇನ್ನು ಮುಂದೆ ನೋಂದಣಿ ಮಾಡಿಸಲೇಬೇಕು ಅಂದ್ರು. ಬಂದ್ ವಾಪಸ್ ಆಯ್ತು.

ಸುದ್ದಿ ಅಲ್ಲಿಗೆ ನಿಂತಿತು. ಭಯ ಮಾತ್ರ ನಿಂತಿಲ್ಲ. ಸ್ಟಿಕ್ಕರ್‌ಗಳೂ ಎಲ್ಲಾ ಕಡೆ ವಾಪಸ್ ಬಂದಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಯುಪಿಐ ಮೇಲೆ ಜಿಎಸ್‌ಟಿ ಇಲ್ಲ. ನೀವು ನೂರು ರೂಪಾಯಿ ಸ್ಕ್ಯಾನ್ ಮಾಡಿ ಕೊಟ್ಟಿದ್ದಕ್ಕೆ ಅಂತ ಯಾರೂ ತೆರಿಗೆ ಹಾಕ್ತಿಲ್ಲ. ಜಿಎಸ್‌ಟಿ ಇರೋದು ಸರಕು ಅಥವಾ ಸೇವೆ ಮಾರಿದ್ದರ ಮೇಲೆ. ಹಣ ಕ್ಯೂಆರ್‌ನಲ್ಲಿ ಬಂತಾ, ಗಲ್ಲಾಪೆಟ್ಟಿಗೆಗೆ ಬಂತಾ, ಕಾನೂನಿಗೆ ಎರಡೂ ಒಂದೇ. ವ್ಯತ್ಯಾಸ ಇಷ್ಟೇ: ಯುಪಿಐ ಗುರುತು ಬಿಟ್ಟು ಹೋಗುತ್ತೆ, ಕ್ಯಾಶ್ ಬಿಟ್ಟು ಹೋಗಲ್ಲ.

ವಹಿವಾಟು ಬೇರೆ, ಲಾಭ ಬೇರೆ

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಈಗ ಕರ್ನಾಟಕದಲ್ಲಿ ನೋಂದಣಿಯ ಮಿತಿ ಹೀಗಿದೆ. ಬರೀ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ. ಸೇವೆ ಕೊಡೋರಿಗೆ 20 ಲಕ್ಷ. ವರ್ಷ ಅಂದ್ರೆ ಏಪ್ರಿಲ್‌ನಿಂದ ಮಾರ್ಚ್.

ಈ 40 ಲಕ್ಷ ಅನ್ನೋದು ಲಾಭ ಅಲ್ಲ, ವಹಿವಾಟು. ಅಂದ್ರೆ ಟರ್ನೋವರ್. ಎಲ್ಲಾ ಗೊಂದಲ ಇಲ್ಲೇ ಶುರುವಾಗೋದು.

ಒಂದು ಕಾಂಡಿಮೆಂಟ್ಸ್ ಅಂಗಡಿ ಅಂದ್ಕೊಳ್ಳಿ. ದಿನಕ್ಕೆ 12,000 ರೂಪಾಯಿ ವ್ಯಾಪಾರ, ವರ್ಷಕ್ಕೆ 350 ದಿನ ತೆರೆದಿರುತ್ತೆ. ಒಟ್ಟು 42 ಲಕ್ಷ. ಕೇಳೋಕೆ ಶ್ರೀಮಂತರ ಲೆಕ್ಕ. ಆದರೆ ಅದರಲ್ಲಿ ಬಹುಪಾಲು ಹಾಲಿನ ಏಜೆಂಟ್‌ಗೆ, ಬಿಸ್ಕತ್ ಡಿಸ್ಟ್ರಿಬ್ಯೂಟರ್‌ಗೆ, ಬಾಡಿಗೆಗೆ, ಕರೆಂಟಿಗೆ, ಕೆಲಸದ ಹುಡುಗನ ಸಂಬಳಕ್ಕೆ ಹೋಗುತ್ತೆ. ಅಣ್ಣನ ಜೇಬಿಗೆ ಉಳಿಯೋದು ಒಂದು ಸಣ್ಣ ಪಾಲು. ಖಾತೆಯಲ್ಲಿ ಕಾಣೋದು ಮಾತ್ರ 42 ಲಕ್ಷ.

ಎರಡನೇ ವಿಷಯ. ಪ್ಯಾಕೆಟ್ ಹಾಲಿಗೆ, ತಾಜಾ ತರಕಾರಿಗೆ, ತಾಜಾ ಹಣ್ಣಿಗೆ ಜಿಎಸ್‌ಟಿ ಇಲ್ಲ. ಬರೀ ಇಂಥ ವಿನಾಯಿತಿ ಇರೋ ಸರಕನ್ನೇ ಮಾರೋರು ನೋಂದಣಿ ಮಾಡಿಸೋ ಅಗತ್ಯವೇ ಇಲ್ಲ, ವಹಿವಾಟು ಎಷ್ಟೇ ಆಗಲಿ. ತರಕಾರಿ ಮಾರೋರಿಗೆ ಬಂದ ನೋಟಿಸ್ ನೋಡಿ ಜನ ಬೆಚ್ಚಿ ಬಿದ್ದಿದ್ದು ಇದಕ್ಕೇ. ಯುಪಿಐ ಲೆಕ್ಕದಲ್ಲಿ ಎಷ್ಟು ಹಣ ಬಂತು ಅಂತ ಕಾಣುತ್ತೆ, ಯಾವುದಕ್ಕೆ ಬಂತು ಅಂತ ಕಾಣಲ್ಲ. ಟೊಮೆಟೊ ಮಾರಿದ ದುಡ್ಡೂ, ಭಾವ ವಾಪಸ್ ಕೊಟ್ಟ ಸಾಲವೂ, ಚೀಟಿ ಹಣವೂ ಅಲ್ಲಿ ಒಂದೇ ಥರ.

ಆದರೆ ಹಾಲಿನ ಜೊತೆ ಬಿಸ್ಕತ್, ಚಿಪ್ಸ್ ಕೂಡ ಮಾರಿದ್ರೆ? ಆಗ ಮಿತಿ ದಾಟಿದೆಯಾ ಅಂತ ನೋಡುವಾಗ ಹಾಲಿನ ವ್ಯಾಪಾರವನ್ನೂ ಸೇರಿಸಿಯೇ ಲೆಕ್ಕ ಹಾಕ್ತಾರೆ. ತೆರಿಗೆ ಕಟ್ಟುವಾಗ ಮಾತ್ರ ಹಾಲನ್ನ ಬಿಡ್ತಾರೆ. ಹಾಗಾಗಿ ನಮ್ಮ ಉದಾಹರಣೆಯ ಅಂಗಡಿ ನೋಂದಣಿ ಮಾಡಿಸಬೇಕು.

ಅದರ ಪಕ್ಕದಲ್ಲೇ ಟೀ ಕೂಡ ಮಾಡಿ ಕೊಟ್ರೆ ಅದು ಸೇವೆ. ಆಗ "ಬರೀ ಸರಕು" ಅನ್ನೋ ಮಾತು ಹೋಯ್ತು, ಮಿತಿ 20 ಲಕ್ಷಕ್ಕೆ ಇಳೀತು. ದಿನಕ್ಕೆ ಸುಮಾರು 5,700 ರೂಪಾಯಿ ವ್ಯಾಪಾರ ಆದ್ರೆ ಸಾಕು, 20 ಲಕ್ಷ ಆಗುತ್ತೆ. ಹದಿನೈದು ರೂಪಾಯಿ ಟೀ ಲೆಕ್ಕದಲ್ಲಿ 380 ಲೋಟ. ಬಸ್ ಸ್ಟ್ಯಾಂಡ್ ಪಕ್ಕ ನಿಂತು ನೋಡಿ, ಇದೇನು ದೊಡ್ಡ ಸಂಖ್ಯೆ ಅಲ್ಲ.

ಹಾಗಾದ್ರೆ ವ್ಯಾಪಾರಿಗಳ ಸಿಟ್ಟು ಸರಿನಾ?

ನನ್ನ ಪ್ರಕಾರ ಸಿಟ್ಟಿಗೆ ಕಾರಣ ಇದೆ. ನೋಡಿ, ಜಿಎಸ್‌ಟಿ ಅಂಗಡಿಯವನ ತೆರಿಗೆ ಅಲ್ಲ, ಗಿರಾಕಿಯ ತೆರಿಗೆ. ಅಂಗಡಿಯವನು ನಮ್ಮಿಂದ ತಗೊಂಡು ಸರ್ಕಾರಕ್ಕೆ ಕಟ್ಟಬೇಕು. ಮೂರು ವರ್ಷದ ಹಿಂದೆ ಚಿಪ್ಸ್ ತಗೊಂಡು ಹೋದವನ ಹತ್ರ ಈಗ ಹೋಗಿ "ಅವತ್ತಿನ ಟ್ಯಾಕ್ಸ್ ಕೊಡಪ್ಪಾ" ಅನ್ನೋಕಾಗುತ್ತಾ? ಆಗಲ್ಲ. ತಡವಾಗಿ ಬಂದ ತೆರಿಗೆ ಅಂಗಡಿಯವನ ಲಾಭದಿಂದಲೇ, ಕೆಲವು ಸಲ ಬಂಡವಾಳದಿಂದಲೇ ಹೋಗಬೇಕು. ಮೇಲೆ ಬಡ್ಡಿ, ದಂಡ ಬೇರೆ.

ಸಣ್ಣವರಿಗೆ ಅಂತಲೇ ಕಾನೂನಿನಲ್ಲಿ ಒಂದು ಸುಲಭದ ದಾರಿ ಇದೆ, ಕಾಂಪೊಸಿಷನ್ ಸ್ಕೀಮ್. ವರ್ಷಕ್ಕೆ 1.5 ಕೋಟಿವರೆಗೆ ಸರಕು ಮಾರೋ ವ್ಯಾಪಾರಿ ತೆರಿಗೆ ಬೀಳೋ ವಹಿವಾಟಿನ ಮೇಲೆ ಶೇ 1 ಕಟ್ಟಿದ್ರೆ ಸಾಕು. ಸಣ್ಣ ಹೋಟೆಲಿನವರಿಗೆ ಶೇ 5. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟೋದು, ವರ್ಷಕ್ಕೊಂದು ರಿಟರ್ನ್. ಆದರೆ ಗಿರಾಕಿಯಿಂದ ಬೇರೆಯಾಗಿ ಜಿಎಸ್‌ಟಿ ತಗೊಳ್ಳೋ ಹಾಗಿಲ್ಲ, ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗಲ್ಲ, ಬೇರೆ ರಾಜ್ಯಕ್ಕೆ ಮಾರೋ ಹಾಗಿಲ್ಲ.

ನಮ್ಮ 42 ಲಕ್ಷದ ಅಂಗಡಿಯಲ್ಲಿ 10 ಲಕ್ಷ ಹಾಲು ಅಂದ್ಕೊಳ್ಳಿ. ಉಳಿದ 32 ಲಕ್ಷಕ್ಕೆ ಶೇ 1, ಅಂದ್ರೆ ವರ್ಷಕ್ಕೆ 32,000. ತಿಂಗಳಿಗೆ ಸುಮಾರು 2,700 ರೂಪಾಯಿ. ಕಷ್ಟ ಹೌದು, ಆದರೆ ಅಂಗಡಿ ಮುಚ್ಚೋ ಅಷ್ಟಲ್ಲ. ತೊಂದರೆ ಏನಂದ್ರೆ ಈ ಶೇ 1ರ ದಾರಿ ಹಿಂದಿನ ವರ್ಷಗಳಿಗೆ ಸಿಗಲ್ಲ. ನೋಂದಣಿ ಮಾಡಿಸಿ ಆರಿಸಿಕೊಂಡ ಮೇಲೆ ಮಾತ್ರ. ಹಳೇದಕ್ಕೆ ಮಾಮೂಲಿ ದರದಲ್ಲೇ ಲೆಕ್ಕ. ಮೊತ್ತ ಲಕ್ಷ ದಾಟೋದು ಹೀಗೆ. ನಾಲ್ಕು ವರ್ಷ ಸುಮ್ಮನಿದ್ದು ಒಂದೇ ಸಲ ನೋಟಿಸ್ ಕೊಡೋ ಬದಲು ಮೊದಲನೇ ವರ್ಷವೇ ಬಂದು ಹೇಳಿದ್ರೆ ಇದು ಸುದ್ದಿಯೇ ಆಗ್ತಿರಲಿಲ್ಲ.

ಇನ್ನೊಂದು ಕಡೆಯೂ ನೋಡ್ಬೇಕು. ಅದೇ ಬೀದಿಯಲ್ಲಿ ನೋಂದಣಿ ಮಾಡಿಸಿ, ಪ್ರತಿ ಬಿಲ್ಲಿಗೂ ತೆರಿಗೆ ಕಟ್ಟೋ ಅಂಗಡಿಯವರೂ ಇದ್ದಾರೆ. ಅವರಿಗೆ ಈ ಗಲಾಟೆ ನೋಡಿ ಏನನ್ನಿಸಿರಬಹುದು? ಮಿತಿ ದಾಟಿದವರೆಲ್ಲ ಬಡವರು, ಇಲಾಖೆಯವರೆಲ್ಲ ಕ್ರೂರಿಗಳು ಅಂದ್ರೆ ರೀಲ್ ಚೆನ್ನಾಗಿ ಓಡುತ್ತೆ, ಲೆಕ್ಕ ಮಾತ್ರ ಕೂಡಿ ಬರಲ್ಲ.

ಈಗ ನಿಮ್ಮ ವೀಕೆಂಡ್ ಪ್ರಾಜೆಕ್ಟ್‌ಗೆ ಬರೋಣ

ನನ್ನ ಗೆಳತಿ ಒಬ್ಬಳಿದ್ದಾಳೆ. ಹೆಸರು ಬೇಡ ಅಂದಿದ್ದಾಳೆ. ವಾರದ ದಿನ ಆಫೀಸು, ಶನಿವಾರ ಭಾನುವಾರ ಕ್ರೋಶೆ. ತೋರಣ, ಪುಟ್ಟ ಆನೆ, ಫೋನ್ ಚೀಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಈಗಾಗಲೇ ಮೂವತ್ತು ತೋರಣದ ಆರ್ಡರ್ ಇದೆ. ಗುರುವಾರ ರಾತ್ರಿ ಫೋನ್ ಮಾಡಿ, "ಇನ್ಮೇಲೆ ಹೊಸ ಆರ್ಡರ್ ತಗೊಳ್ಳಲ್ಲ ಕಣೋ. ಅಮ್ಮ ಪೇಪರ್ ಓದಿ ಹೆದರಿದ್ದಾಳೆ. ಇದೆಲ್ಲ ಯಾಕೆ ಬೇಕು, ಸಂಬಳ ಸಾಲದಾ ಅಂತಿದ್ದಾಳೆ" ಅಂದಳು.

ಇದು ನನಗೆ ಜಿಎಸ್‌ಟಿಗಿಂತ ದೊಡ್ಡ ವಿಷಯ ಅನ್ನಿಸ್ತು. ಅವಳಿಗೆ ನೋಟಿಸ್ ಬಂದಿಲ್ಲ. ಬರೋ ಸಾಧ್ಯತೆ ಹತ್ತಿರದಲ್ಲೂ ಇಲ್ಲ. ಆದರೂ ಎರಡು ವರ್ಷ ಕಷ್ಟಪಟ್ಟು ಕಟ್ಟಿದ್ದನ್ನ ಬಿಡೋಕೆ ಹೊರಟಿದ್ದಾಳೆ. ಫೋನಲ್ಲೇ ಇಬ್ಬರೂ ಕೂತು ಸ್ಟೇಟ್‌ಮೆಂಟ್ ತೆಗೆದ್ವಿ. ಕಳೆದ ಹಣಕಾಸು ವರ್ಷದಲ್ಲಿ ಕ್ರೋಶೆಯಿಂದ ಬಂದಿದ್ದು 2 ಲಕ್ಷ 60 ಸಾವಿರ. 40 ಲಕ್ಷದ ಮಿತಿಯಲ್ಲಿ ಇದು ಶೇ 6.5. ಅಂದ್ರೆ ಈಗಿನ ಹದಿನೈದು ಪಟ್ಟು ತೋರಣ ಹಾಕಿದ್ರೂ 39 ಲಕ್ಷ. ಅಷ್ಟು ತೋರಣ ಹಾಕೋಕೆ ಅವಳಿಗೆ ಹದಿನೈದು ಜೊತೆ ಕೈ ಬೇಕು. ಅವಳು ನಕ್ಕಳು. ಅಮ್ಮನಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದಳು.

ಆದರೂ ಅವಳಂಥವರು ಎರಡು ಕಡೆ ಹುಷಾರಾಗಿರಬೇಕು.

ಒಂದು, ವರ್ಕ್‌ಶಾಪ್. ಭಾನುವಾರ ಹತ್ತು ಜನಕ್ಕೆ ಕ್ರೋಶೆ ಹೇಳಿಕೊಟ್ಟು ತಲಾ 800 ತಗೊಂಡ್ರೆ ಅದು ಸೇವೆ. ಟೀ ಅಂಗಡಿ ಥರಾನೇ, ಮಿತಿ 20 ಲಕ್ಷ ಆಗುತ್ತೆ, ತೋರಣದ ವ್ಯಾಪಾರವೂ ಅದರೊಳಗೇ ಸೇರುತ್ತೆ. ಫೋಟೋಗ್ರಫಿ, ವಿಡಿಯೋ ಎಡಿಟಿಂಗ್, ಡಿಸೈನ್, ನನ್ನಂಥ ಪಾಡ್‌ಕಾಸ್ಟ್ ಮಾಡೋರಿಗೆ ಬರೋ ಸ್ಪಾನ್ಸರ್ ಹಣ, ಎಲ್ಲವೂ ಸೇವೆಯೇ.

ಎರಡು, ಬೇರೆ ರಾಜ್ಯ. ತೆರಿಗೆ ಬೀಳೋ ಸರಕನ್ನ ಪುಣೆಗೋ ಚೆನ್ನೈಗೋ ಮಾರಿದ್ರೆ ಮಿತಿಯ ಮಾತೇ ಇಲ್ಲ, ಮೊದಲ ರೂಪಾಯಿಗೇ ನೋಂದಣಿ ಕಡ್ಡಾಯ. ಇನ್‌ಸ್ಟಾದಲ್ಲಿ ಆರ್ಡರ್ ಬಂತು ಅಂತ ಕೊರಿಯರ್ ಮಾಡೋರು ಇದನ್ನ ಗಮನಿಸೋದೇ ಇಲ್ಲ. ಕೈಯಿಂದ ಮಾಡಿದ ಕೆಲವು ಕರಕುಶಲ ವಸ್ತುಗಳಿಗೆ ಇದರಲ್ಲಿ ರಿಯಾಯಿತಿ ಇದೆ. ಸರ್ಕಾರ ಹೊರಡಿಸಿರೋ ಪಟ್ಟಿಯಲ್ಲಿ ನಿಮ್ಮ ವಸ್ತು ಇದೆಯಾ ಅಂತ ನೋಡಿ ಮುಂದುವರೀರಿ. ಸೇವೆ ಕೊಡೋರಿಗೆ ಈ ತೊಂದರೆ ಇಲ್ಲ. ಹೈದರಾಬಾದಿನ ಕ್ಲೈಂಟ್‌ಗೆ ಲೋಗೋ ಮಾಡಿ ಕೊಟ್ರೂ 20 ಲಕ್ಷದವರೆಗೆ ನೋಂದಣಿ ಬೇಡ.

ಮತ್ತೆ ಆನ್‌ಲೈನ್ ಮಾರಾಟದ ವೇದಿಕೆಗಳು. ಮೊದಲು ಅಲ್ಲಿ ಸರಕು ಮಾರಬೇಕಾದ್ರೆ ಜಿಎಸ್‌ಟಿ ನಂಬರ್ ಇರಲೇಬೇಕಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿರೋರು ತಮ್ಮ ರಾಜ್ಯದೊಳಗೆ ಮಾತ್ರ ಮಾರೋದಾದ್ರೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೊಂಡು ಮಾರಬಹುದು.

ಕ್ಯಾಶ್‌ಗೆ ಹೋದ್ರೆ ಏನಾಗುತ್ತೆ?

ಇಲ್ಲಿವರೆಗೆ ಹೇಳಿದ್ದು ಜಿಎಸ್‌ಟಿ. ಆದಾಯ ತೆರಿಗೆ ಬೇರೆಯೇ. ಅದು ಬೀಳೋದು ವಹಿವಾಟಿನ ಮೇಲಲ್ಲ, ಆದಾಯದ ಮೇಲೆ. ನಿಮ್ಮ ಸಂಬಳದ ಜೊತೆ ಪ್ರಾಜೆಕ್ಟಿನ ಲಾಭವನ್ನೂ ಸೇರಿಸಿ ತೋರಿಸಬೇಕು. ಎಲ್ಲಾ ಬಿಲ್ಲು ಇಟ್ಟು ಲೆಕ್ಕ ಬರೆಯೋಕೆ ಆಗದ ಸಣ್ಣ ವ್ಯಾಪಾರಿಗಳಿಗೆ ಅಲ್ಲೂ ಸುಲಭದ ದಾರಿ ಇದೆ. ವಹಿವಾಟಿನ ಒಂದು ಪಾಲನ್ನ ಲಾಭ ಅಂತ ತೋರಿಸಿದ್ರೆ ಸಾಕು. ಕ್ಯಾಶ್‌ನಲ್ಲಿ ಬಂದ ಹಣಕ್ಕೆ ಕನಿಷ್ಠ ಶೇ 8. ಯುಪಿಐ, ಬ್ಯಾಂಕ್ ಮೂಲಕ ಬಂದ ಹಣಕ್ಕೆ ಕನಿಷ್ಠ ಶೇ 6.

ಇನ್ನೊಂದು ಸಲ ಓದಿ. ಡಿಜಿಟಲ್ ಆಗಿ ತಗೊಂಡ್ರೆ ಕಾನೂನು ನಿಮಗೆ ಶೇ 2 ಕಡಿಮೆ ಲಾಭ ತೋರಿಸೋಕೆ ಬಿಡುತ್ತೆ. ಅದರಿಂದ ತಪ್ಪಿಸಿಕೊಳ್ಳೋಕೆ ಅಂತ ಜನ ಸ್ಟಿಕ್ಕರ್ ಕೀಳ್ತಿದ್ದಾರೆ. (ನಿಜವಾದ ಲಾಭ ಇದಕ್ಕಿಂತ ಜಾಸ್ತಿ ಇದ್ರೆ ಅದನ್ನೇ ತೋರಿಸಬೇಕು, ಕನಿಷ್ಠ ಅಂದ್ರೆ ಕನಿಷ್ಠ.)

ಕ್ಯಾಶ್‌ಗೆ ಹೋದ್ರೆ ವಹಿವಾಟು ಕಮ್ಮಿ ಆಗಲ್ಲ, ಅದರ ದಾಖಲೆ ಮಾತ್ರ ಕಮ್ಮಿ ಆಗುತ್ತೆ. ಮುಂದೆ ಯಾವತ್ತೋ ಪ್ರಾಜೆಕ್ಟ್ ಬೆಳೆದು ಒಂದು ಹೊಲಿಗೆ ಮೆಷಿನ್‌ಗೋ ಓವನ್‌ಗೋ ಸಾಲ ಬೇಕು ಅಂದಾಗ ಬ್ಯಾಂಕಿನವರು ಕೇಳೋ ಮೊದಲ ಕಾಗದವೇ ಸ್ಟೇಟ್‌ಮೆಂಟ್. ಅಲ್ಲಿ ಏನೂ ಇಲ್ಲ ಅಂದ್ರೆ, ನಿಮ್ಮ ಎರಡು ವರ್ಷದ ದುಡಿಮೆ ಅವರ ಪಾಲಿಗೆ ಇಲ್ಲವೇ ಇಲ್ಲ.

ಗಿರಾಕಿ ಕಡೆಯಿಂದಲೂ ನೋಡಿ. ನಮ್ಮ ವಯಸ್ಸಿನ ಎಷ್ಟು ಜನ ಪರ್ಸ್ ಇಟ್ಕೊಂಡು ಓಡಾಡ್ತೀವಿ? ಪ್ರತಿ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತಲ್ಲ, ಅಲ್ಲಿ ಒಬ್ಬ ಕಲಾವಿದ 1,500 ರೂಪಾಯಿಯ ಚಿತ್ರಕ್ಕೆ "ಕ್ಯಾಶ್ ಮಾತ್ರ" ಅಂದ್ರೆ ಏನಾಗುತ್ತೆ? "ಎಟಿಎಂಗೆ ಹೋಗಿ ಬರ್ತೀನಿ" ಅಂತ ಹೋದವರು ಆ ಜನಸಾಗರದಲ್ಲಿ ವಾಪಸ್ ಬರ್ತಾರೆ ಅಂತ ನನಗಂತೂ ನಂಬಿಕೆ ಇಲ್ಲ.

ಈ ವೀಕೆಂಡ್ ಪ್ಲ್ಯಾನ್: ಒಂದು ಗಂಟೆ ಸಾಕು

ಮಳೆ ಹೇಗಿದ್ರೂ ಇದೆ. ಟ್ರೆಕ್ ಕ್ಯಾನ್ಸಲ್ ಆಗಿದ್ರೆ ಒಂದು ಕಾಫಿ ಮಾಡ್ಕೊಂಡು ಕೂತ್ಕೊಳ್ಳಿ.

ಮೊದಲನೇದು, ಪ್ರಾಜೆಕ್ಟಿಗೆ ಅಂತ ಬೇರೆ ಬ್ಯಾಂಕ್ ಖಾತೆ, ಬೇರೆ ಯುಪಿಐ ಐಡಿ ಮಾಡಿ. ರೂಮ್‌ಮೇಟ್ ಕೊಟ್ಟ ಬಾಡಿಗೆ ಪಾಲು, ಅಪ್ಪ ಕಳಿಸಿದ ದುಡ್ಡು, ಟ್ರಿಪ್ ಖರ್ಚಿನ ಹಂಚಿಕೆ, ಇದ್ಯಾವುದೂ ಆ ಖಾತೆಗೆ ಬರಬಾರದು. ನಾಳೆ ಯಾರಾದ್ರೂ ಕೇಳಿದ್ರೆ ವಿವರಿಸೋ ಕಷ್ಟವೇ ಇರಲ್ಲ.

ಎರಡನೇದು, ಒಂದು ನೋಟ್‌ಬುಕ್ ಅಥವಾ ಫೋನಲ್ಲೇ ಒಂದು ಶೀಟ್. ತಾರೀಖು, ಏನು ಮಾರಿದ್ರಿ, ಯಾರಿಗೆ, ಯಾವ ಊರಿಗೆ, ಎಷ್ಟು ಬಂತು, ಉಲನ್ನಿಗೆ ಎಷ್ಟು ಹೋಯ್ತು. ಕ್ಯಾಶ್‌ನಲ್ಲಿ ಬಂದಿದ್ದನ್ನೂ ಬರೀರಿ. ನಮ್ಮ ಅಜ್ಜಂದಿರ ಕಾಲದ ಅಂಗಡಿಗಳಲ್ಲಿ ಕೆಂಪು ಬಟ್ಟೆಯ ರೊಕ್ಕದ ಪುಸ್ತಕ ಇರ್ತಿತ್ತಲ್ಲ, ಅದೇ.

ಮೂರನೇದು, ಏಪ್ರಿಲ್‌ನಿಂದ ಇಲ್ಲಿವರೆಗೆ ಒಟ್ಟು ಎಷ್ಟು ಬಂತು ಅಂತ ಕೂಡಿಸಿ. ನಿಮ್ಮ ಮಿತಿ 40ಆ 20ಆ ಅಂತ ಪಕ್ಕದಲ್ಲಿ ಬರೀರಿ. ಮಿತಿ ದಾಟೋ ಹಂತಕ್ಕೆ ಬಂದ್ರೆ ಹೆದರಬೇಡಿ. ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕ್ಬೇಕು. ಪೋರ್ಟಲ್‌ನಲ್ಲಿ ಅದಕ್ಕೆ ಶುಲ್ಕ ಇಲ್ಲ.

ನಾಲ್ಕನೇದು, ಕಳೆದ ವರ್ಷದ ಆದಾಯ ತೆರಿಗೆ ರಿಟರ್ನ್. 2025ರಲ್ಲಿ ಕೊನೇ ದಿನವನ್ನ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ರು. ಬರೀ ಸಂಬಳದ ಐಟಿಆರ್-1 ತುಂಬಿ ಕೈ ತೊಳ್ಕೊಳ್ಳಬೇಡಿ. ಪ್ರಾಜೆಕ್ಟಿನ ಆದಾಯ ಇದ್ದು, ಈಗ ಹೇಳಿದ ಸುಲಭದ ದಾರಿ ಹಿಡೀತೀರಿ ಅಂದ್ರೆ ಸಾಮಾನ್ಯವಾಗಿ ಬೇಕಾಗೋದು ಐಟಿಆರ್-4.

ಐದನೇದು, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಯಾರಿಗಾದ್ರೂ ನೋಟಿಸ್ ಬಂದಿದ್ರೆ, ಅದನ್ನ ಡ್ರಾಯರ್‌ನಲ್ಲಿ ಬಚ್ಚಿಡೋಕೆ ಬಿಡಬೇಡಿ. ನೋಟಿಸ್ ಅಂದ್ರೆ ತೀರ್ಪಲ್ಲ, ಪ್ರಶ್ನೆ. ಉತ್ತರ ಕೊಡೋಕೆ ಅವಕಾಶ ಇರುತ್ತೆ. ಇದರಲ್ಲಿ ಇಷ್ಟು ಹಾಲು, ಇಷ್ಟು ತರಕಾರಿ, ಇಷ್ಟು ಮನೆಯವರ ದುಡ್ಡು ಅಂತ ಕಾಗದ ಇಟ್ಟು ತೋರಿಸಬೇಕು. ಸುಮ್ಮನಿದ್ರೆ ಮಾತ್ರ ಇಲಾಖೆಯ ಅಂದಾಜೇ ಖಾಯಂ ಆಗೋದು. ಆ ಅಂಗಡಿ ಅಣ್ಣನಿಗೆ ಇಂಗ್ಲಿಷ್ ನೋಟಿಸ್ ಓದೋಕೆ ಕಷ್ಟ ಆಗ್ತಿರಬಹುದು. ನಿಮಗೆ ಬರುತ್ತಲ್ಲ? ಹತ್ತು ನಿಮಿಷ ನಿಂತು ಓದಿ ಹೇಳಿ. ಈ ವೀಕೆಂಡಿನ ಒಳ್ಳೆ ಕೆಲಸ ಅದೇ ಆಗಬಹುದು.

ಇಷ್ಟೂ ಹೇಳಿದ್ದು ತೆರಿಗೆ ಕಟ್ಟೋದು ಖುಷಿಯ ವಿಷಯ ಅಂತ ಅಲ್ಲ. ಗೊತ್ತಿಲ್ಲದ ಸಂಖ್ಯೆಗೆ ಹೆದರಿ ಕೈಯಲ್ಲಿರೋ ಒಳ್ಳೆ ಕೆಲಸ ನಿಲ್ಲಿಸಬೇಡಿ ಅಂತ. ಸರ್ಕಾರ ಸಣ್ಣವರಿಗೆ ಮುಂಚೆಯೇ, ಅವರ ಭಾಷೆಯಲ್ಲಿ, ಅವರ ಬಾಗಿಲಲ್ಲಿ ಹೇಳಬೇಕು ಅನ್ನೋದನ್ನ ನಾವು ಕೇಳ್ತಾನೇ ಇರೋಣ. ಅದರ ಜೊತೆಗೆ ನಮ್ಮ ಪುಸ್ತಕ ನಾವೂ ಬರೆದಿಡೋಣ. ನಿಮ್ಮ ಲೆಕ್ಕ ನಿಮಗೇ ಗೊತ್ತಿದ್ರೆ, ಬೇರೆಯವರು ಹಾಕಿದ ಲೆಕ್ಕ ಸರಿನಾ ತಪ್ಪಾ ಅಂತ ಕೇಳೋ ಧೈರ್ಯ ಬರುತ್ತೆ.

ನೀವು ಏನು ಮಾಡ್ತಿದ್ದೀರಿ, ಎಷ್ಟು ವರ್ಷದಿಂದ, ಯಾವ ಪ್ರಶ್ನೆ ಕಾಡ್ತಿದೆ ಅಂತ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ನಿಮ್ಮ ಪ್ರಶ್ನೆಗಳನ್ನ ಒಬ್ಬ ಸಿಎ ಮುಂದೆ ಇಟ್ಟು, ಅವರ ಉತ್ತರದ ಜೊತೆ ಮುಂದಿನ ಶನಿವಾರ ಬರ್ತೀನಿ. ಅಲ್ಲಿವರೆಗೆ ಪಂಚಮಿ ಉಂಡೆ ತಿನ್ನಿ, ಲೆಕ್ಕ ಬರೀರಿ. ನಮಸ್ಕಾರ.